ಹುಚ್ಚಣ್ಣನ ಹೆಬ್ಬೆರಳು

ಒಂಟಿಸಲಗದ ಸೊಂಡಿಲನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಕಂಬಳಿ ಹಿಂಡುವಂತೆ ಹಿಂಡಿ, ಅದರಿಂದ ಸುರಿದ ನೀರಿನಲ್ಲಿ ಮುಖ ತೊಳೆದುಕೊಂಡು ಬೆಳಗಿನ ಕೆಲಸಕ್ಕೆ ಹೊರಟ ಗಂಡಸು ಸಕಲೇಶಪುರ, ಆಲೂರು ಎರಡೂ ತಾಲ್ಲೂಕು ಜಾಲಾಡಿದರೂ ಒಬ್ಬನೇ ಸಿಗುವುದು. ಮೂರುಗುಂಡಿ ಎಸ್ಟೇಟಿನ ಕೆಳಗಿನ ಲೈನಿನ ಹುಚ್ಚಣ್ಣ. ಆನೆ ಆಮೇಲೆ ಅವನ ಮುಂದೆ ಮಂಡಿಯೂರಿತು. ಕಣ್ಣೀರು ಹಾಕಿತು. ಹೇಮಾವತಿ ದಾಟಿ ಓಡಿದ್ದು ಮತ್ತೆ ಈ ಕಡೆ ಸುಳಿಯಲಿಲ್ಲ. ಹುಚ್ಚಣ್ಣನಿಗೆ ಆದದ್ದು ಇಷ್ಟೇ: ಸೊಂಡಿಲು ಒಂದು ಸುತ್ತು ತಿರುಚಿಕೊಂಡಾಗ ಬಲಗೈಯ ಮಣಿಕಟ್ಟು ಒಂಚೂರು ಉಳುಕಿತು.

ಇದನ್ನು ನಂಬಿದ್ದು ಇಡೀ ಲೋಕದಲ್ಲಿ ಒಂದೇ ಒಂದು. ಆಸ್ಪತ್ರೆಯ ಪುಸ್ತಕ.

ಲೈನಿನವರು ನಂಬಲಿಲ್ಲ. ಅವರು ಅವನನ್ನು ಎಂದೂ ನಂಬಿದವರಲ್ಲ. ದೋಣಿಗಲ್ಲಿನ ಹತ್ತಿರ ಹಳಿ ತಪ್ಪಿದ ಗೂಡ್ಸ್ ರೈಲಿಗೆ ಹೆಗಲು ಕೊಟ್ಟು ಮತ್ತೆ ಹಳಿಯ ಮೇಲೆ ಕೂರಿಸಿದವನು ಹುಚ್ಚಣ್ಣ. ಅವನಪ್ಪ ಲಕ್ಕಯ್ಯ ಪಾಳ್ಯದ ಹೊಲಗೇರಿ ಬಿಟ್ಟು ತೋಟಕ್ಕೆ ಬರುವಾಗ ಪಾತ್ರೆಪಗಡವನ್ನೆಲ್ಲ ಹುಲಿಯ ಬೆನ್ನಿನ ಮೇಲೆ ಹೇರಿಕೊಂಡು ಬಂದಿದ್ದ. ಹುಚ್ಚಣ್ಣನ ಬಾಯಿಗೆ ಬಿದ್ದ ಹಲ್ಲಿ ಮೊಸಳೆಯಾಗಿ ಹೊರಗೆ ಬರುತ್ತದೆ ಎಂದು ಲೈನಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ. ನಗಿಸಲು ಅವನಲ್ಲಿ ಇದ್ದದ್ದು ಬಾಯಿ ಒಂದೇ.

ಆನೆ ಇತ್ತೋ ಇಲ್ಲವೋ, ಮಣಿಕಟ್ಟು ಇತ್ತು.

ತೋಟದಲ್ಲಿ ಕೂಲಿಗಳ ಸಾಲುಮನೆಗೆ ಲೈನ್ ಎನ್ನುತ್ತಾರೆ. ಮೂರುಗುಂಡಿಯಲ್ಲಿ ಎರಡು ಲೈನು. ಮೇಲಿನ ಲೈನಿಗೆ ನಲ್ಲಿ ಇದೆ. ಕೆಳಗಿನ ಲೈನಿಗೆ ಹಳ್ಳ ಇದೆ. ಕೆಳಗಿನ ಲೈನು ಹೊಲಗೇರಿಗಳಿಂದ ಬಂದವರದ್ದು. ಇದನ್ನು ಯಾರೂ ಬೋರ್ಡು ಹಾಕಿ ಹೇಳಿಲ್ಲ. ನೀರೇ ಹೇಳುತ್ತದೆ.

ಹುಚ್ಚಣ್ಣ ಇಪ್ಪತ್ತಾರು ವರ್ಷದಿಂದ ಗಿಡಗಸಿಯವನು. ಕಾಫಿ ಕುಯ್ಲು ಮುಗಿದ ಮೇಲೆ ಒಂದೊಂದು ಗಿಡದ ಒಣಗಿದ ರೆಂಬೆ, ಬೇಡದ ಚಿಗುರು ಕತ್ತರಿಸಿ ಒಳಗೆ ಗಾಳಿ ಬೆಳಕು ಬಿಡುವ ಕೆಲಸ. ದಿನಕ್ಕೆ ಅರವತ್ತು ಗಿಡ. ಕಮ್ಮಿಯಾದರೆ ಅರ್ಧ ಹಾಜರಿ. ಒಂದು ಗಿಡಕ್ಕೆ ಸಾವಿರ ಸಲ ಕತ್ತರಿ ಅಮುಕುತ್ತೇನೆ ಎಂದು ಹುಚ್ಚಣ್ಣ ಹೇಳುತ್ತಿದ್ದ. ಸುಳ್ಳು. ನಲವತ್ತೈದು ಸಲ. ಅದನ್ನು ಅರವತ್ತರಿಂದ ಗುಣಿಸಿ ನೋಡಿದ್ದರೆ ಸಾಕಿತ್ತು, ಅವನು ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ಮೂರು ವರ್ಷದ ಹಿಂದೆ ಹೆಬ್ಬೆರಳಿನ ಬುಡ ಊದಿತು. ಮೊದಲು ನೆಲ್ಲಿಕಾಯಿಯಷ್ಟು. ಆಮೇಲೂ ನೆಲ್ಲಿಕಾಯಿಯಷ್ಟೇ. ಅವನು ತೆಂಗಿನಕಾಯಿಯಷ್ಟು ಎನ್ನುತ್ತಿದ್ದ. ಬೆರಳು ಮಡಿಸಿದರೆ ಒಳಗೆ ಮರಳು ಅರೆದ ಹಾಗೆ ಕರಕರ. ಬೆಳಿಗ್ಗೆ ಎದ್ದರೆ ಕೈ ಬಿಚ್ಚುತ್ತಿರಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿ, ಬಿಸಿನೀರಲ್ಲಿ ಅದ್ದಿ, ಕತ್ತರಿಯ ಹಿಡಿಗೆ ಬಟ್ಟೆ ಸುತ್ತಿ ಹೊರಡುತ್ತಿದ್ದ. ಮುದ್ದೆ ಮುರಿಯಲು ಬರುತ್ತಿರಲಿಲ್ಲ. ಮುದ್ದೆ ಮುರಿಯಲು ಹೆಬ್ಬೆರಳು ಬೇಕು. ಗೋಡೆಯ ಕಡೆ ತಿರುಗಿ ಕೂತು ಎಡಗೈಯಲ್ಲಿ ಉಣ್ಣುತ್ತಿದ್ದ.

ಎಸ್ಟೇಟಿನ ದವಾಖಾನೆಗೆ ಹೋದ. ಅಲ್ಲಿ ಕಂಪೌಂಡರ್ ನಂಜುಂಡಯ್ಯ. ಹಣೆ ತುಂಬ ವಿಭೂತಿ, ಕಿವಿಯಲ್ಲಿ ಪೆನ್ನು. ಆಫೀಸಿನವರು, ಮೇಲಿನ ಲೈನಿನವರು ಒಳಗೆ ಹೋಗಿ ಬೆಂಚಿನ ಮೇಲೆ ಕೂರುತ್ತಾರೆ. ಕೆಳಗಿನ ಲೈನಿನವರಿಗೆ ಕಿಟಕಿ. ಕಿಟಕಿಯಲ್ಲಿ ಕೈ ಚಾಚಿದರೆ ನಂಜುಂಡಯ್ಯ ಕೈಯನ್ನು ನೋಡುತ್ತಿದ್ದ, ಮುಟ್ಟುತ್ತಿರಲಿಲ್ಲ. ಗೇಣುದ್ದ ಮೇಲಿಂದ ಗುಳಿಗೆ ಬೀಳಿಸುತ್ತಿದ್ದ. ಹಿಡಿದುಕೊಂಡರೆ ನಿನ್ನದು, ಬಿದ್ದರೆ ಇರುವೆಯದು. ಕಾಯಿಲೆ ಬರೆಯುವ ಪುಸ್ತಕದಲ್ಲಿ ಕೆಳಗಿನ ಲೈನಿನ ಅಷ್ಟೂ ಜನಕ್ಕೆ ಒಂದೇ ಕಾಯಿಲೆ. ಮೈಕೈ ನೋವು.

"ಏನ್ಲಾ ಹುಚ್ಚ, ಮತ್ತೆ ಬಂದ್ಬುಟ್ಟಾ?"

"ಬೆರಳು ಮಡ್ಚಾಕಾಗಲ್ಲ ಬುದ್ಧಿ."

"ಮಡ್ಚಬ್ಯಾಡ. ಹೋಗು."

ಮೂರು ವರ್ಷ ಹೀಗೇ. ಮೈಕೈ ನೋವು, ಮೈಕೈ ನೋವು. ಇಡೀ ಪುಸ್ತಕ ತಿರುವಿ ಹಾಕಿದರೂ ಹುಚ್ಚಣ್ಣನಿಗೊಂದು ಹೆಬ್ಬೆರಳು ಇದೆ ಎನ್ನುವುದು ಎಲ್ಲೂ ಇರಲಿಲ್ಲ.

ಎರಡು ಸಾವಿರದ ಮೂರನೇ ಇಸವಿ. ಮೂರುಗುಂಡಿಯ ಕಾಫಿ ಕೊಳ್ಳುವ ಹೊರದೇಶದವರು ಒಂದು ಕಾಗದ ಕಳಿಸಿದರಂತೆ. ಕೂಲಿಗಳಿಗೆ ಏನೇನು ಕಾಯಿಲೆ ಇದೆ, ಯಾಕೆ ಬಂತು, ನಂಬರ್ ಸಮೇತ ಬರೆದು ಕಳಿಸಬೇಕು. ಕೆಲಸದಿಂದಲೇ ಬಂದ ಕಾಯಿಲೆಯಾದರೆ ಅವರಿಗೆ ಹಗುರ ಕೆಲಸ ಕೊಡಬೇಕು, ಮನೆ ಬಿಡಿಸಕೂಡದು. ಹಾಗಾಗಿ ಮಂಗಳವಾರ ಮಂಗಳವಾರ ಜೀಪಿನಲ್ಲಿ ಒಬ್ಬ ಡಾಕ್ಟರಮ್ಮ ಬರತೊಡಗಿದರು. ಜೊತೆಗೆ ಶೃತಿ ಎಂಬ ಹುಡುಗಿ. ಅವಳ ತೊಡೆಯ ಮೇಲೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಲೋಕದಲ್ಲಿ ಇರುವ ಕಾಯಿಲೆಗೆಲ್ಲ ಅದರಲ್ಲಿ ನಂಬರ್ ಇತ್ತು. ಡಾಕ್ಟರಮ್ಮ ಹೇಳುವುದು, ಶೃತಿ ಹುಡುಕಿ ಬರೆಯುವುದು. ಕಾಯಿಲೆಗೆ ಒಂದು ನಂಬರ್, ಅದು ಯಾಕೆ ಬಂತು ಎನ್ನುವುದಕ್ಕೆ ಇನ್ನೊಂದು.

ಮೊದಲ ಮಂಗಳವಾರ ಆಫೀಸಿನವರ ಸರದಿ. ಹುಚ್ಚಣ್ಣ ಗುಳಿಗೆಗೆಂದು ಹೋದವನು ಕಿಟಕಿಯಲ್ಲಿ ಇಣುಕಿದ. ಒಳಗೆ ಕುರ್ಚಿಯ ಮೇಲೆ ರೈಟರ್ ನವೀನ್‌ಕುಮಾರ್ ಕೂತಿದ್ದ. ಯಸಳೂರಿನ ಕಡೆಯ ಹುಡುಗ. ಒಂಬತ್ತು ವರ್ಷದಿಂದ ಹಾಜರಿ ಬರೆಯುತ್ತಿದ್ದ; ಈಗ ಕಂಪ್ಯೂಟರಿನಲ್ಲೂ ಒತ್ತುತ್ತಿದ್ದ. ಡಾಕ್ಟರಮ್ಮ ಅವನ ಕೈ ಹಿಡಿದುಕೊಂಡಿದ್ದರು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ ಎಂದರು. ಕಟ್ಟಿದ. ಆ ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಗ್ಗಿಸಿದರು. ನವೀನ್‌ಕುಮಾರ್ ಅಯ್ಯಮ್ಮಾ ಎಂದು ಕುರ್ಚಿಯಿಂದ ಅರ್ಧ ಎದ್ದ.

ಹೊರಗೆ ನಿಂತ ಹುಚ್ಚಣ್ಣ ತಾನೂ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿ ಬಗ್ಗಿಸಿದ. ಕಣ್ಣು ಕತ್ತಲಾಯಿತು. ಗೋಡೆ ಹಿಡಿದುಕೊಂಡ.

ಅದೇ ನೋವು. ತನ್ನದೇ ನೋವು. ಒಳಗೆ ಕುರ್ಚಿಯ ಮೇಲೆ ಕೂತಿದೆ.

ಒಳಗಿನ ಆ ನೋವಿಗೆ ಯಾವನೋ ಪರದೇಶದ ಸಾಹೇಬನ ಹೆಸರಿತ್ತು. ಶೃತಿ ಪುಸ್ತಕ ತೆಗೆದು ನಂಬರ್ ಓದಿದಳು. ಎಂ ಅರವತ್ತೈದು ಪಾಯಿಂಟ್ ನಾಲ್ಕು. ಯಾಕೆ ಬಂತು? ಕೆಲಸದಿಂದ. ವೈ ತೊಂಬತ್ತಾರು. ಡಾಕ್ಟರಮ್ಮ ಪೆಟ್ಟಿಗೆಯಿಂದ ಒಂದು ನೀಲಿ ಪಟ್ಟಿ ತೆಗೆದು ಹೆಬ್ಬೆರಳಿಂದ ಮಣಿಕಟ್ಟಿನ ತನಕ ಕಟ್ಟಿದರು.

ಜನ ಪಕ್ಕದ ಮನೆಯವನ ಎಮ್ಮೆ ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ಅವನ ಗದ್ದೆ ನೋಡಿ, ಅವನ ಹೆಂಡತಿಯನ್ನು ನೋಡಿ ಪಡುತ್ತಾರೆ. ಹುಚ್ಚಣ್ಣ ಒಂದು ಕಾಯಿಲೆ ನೋಡಿ ಹೊಟ್ಟೆಕಿಚ್ಚು ಪಟ್ಟ. ಅಂಥಿಂಥ ಕಿಚ್ಚಲ್ಲ, ಅದನ್ನು ಹೊರಗೆ ತೆಗೆದಿದ್ದರೆ ಅರಣ್ಯ ಇಲಾಖೆಯವರು ಕೊಡ ಹಿಡಿದು ಬರಬೇಕಾಗಿತ್ತು.

ಎಂಟು ದಿನ ಅವನಿಗೆ ಬೇರೆ ಮಾತಿಲ್ಲ. ರೈಟರ್ ಆ ಪಟ್ಟಿ ಕಟ್ಟಿಕೊಂಡು ಹಾಜರಿ ಕೂಗುವಾಗ ಹುಚ್ಚಣ್ಣ ಹೆಸರಿಗೆ ಓಗೊಡುವುದು ಮರೆತು ಪಟ್ಟಿಯನ್ನೇ ನೋಡುತ್ತಿದ್ದ. ಅದು ಎಷ್ಟು ನೀಲಿ, ಎಷ್ಟು ಬೆಚ್ಚಗಿರಬಹುದು. ಒಂದು ದಿನ ಬಾಳೆಯ ನಾರು ಸುಲಿದು ಮಣಿಕಟ್ಟಿಗೆ ಸುತ್ತಿಕೊಂಡು ಆಫೀಸಿನ ಮುಂದೆ ಮೂರು ಸಲ ಓಡಾಡಿದ. ಯಾರೂ ಏನಾಯಿತು ಎಂದು ಕೇಳಲಿಲ್ಲ. ಹುಚ್ಚಣ್ಣ ಕತ್ತರಿಸಿದ್ದನ್ನು ರೈಟರ್ ಬರೆದ. ಬರೆದವನ ಕೈಗೆ ಕಾಯಿಲೆ. ಕತ್ತರಿಸಿದವನ ಕೈಗೆ ಮೈಕೈ ನೋವು.

"ಕಂಪ್ಯೂಟ್ರು ಇಲಿ ಹಿಡ್ದು ಕೈ ಮುರ್ಕಂಡವ್ನೆ ಕಣ್ರೋ," ಎಂದು ಲೈನಿನಲ್ಲಿ ಕೂತು ಹೇಳಿದ. ಎಲ್ಲರೂ ನಕ್ಕರು. ಅವನಿಗೆ ನಗು ಬರಲಿಲ್ಲ.

ಹೆಂಡತಿ ಭೂತಮ್ಮ ಒಲೆಯ ಮುಂದೆ ಇದ್ದಳು. ಅವಳೂ ತೋಟದವಳೇ, ಕುಯ್ಲಿನಲ್ಲಿ ಹಣ್ಣು ಬಿಡಿಸುವವಳು. "ಅವ್ರ ನೋವಿಗೆ ನಾಮಕರಣ ಮಾಡವ್ರೆ. ನಿನ್ನ ನೋವು ತಬ್ಲಿ ಆಗೋಯ್ತು ಬುಡು," ಎಂದಳು. ಆ ಮಾತು ಅವನಿಗೆ ಸರಿಯಾಗಿ ಚುಚ್ಚಿತು.

ಎರಡನೇ ಮಂಗಳವಾರ ಲೈನಿನವರ ಸರದಿ. ದವಾಖಾನೆಯ ಮುಂದೆ ಸಾಲು. ಹುಚ್ಚಣ್ಣನ ಹೆಸರು ಬಂದಾಗ ಅವನು ಅಭ್ಯಾಸದಂತೆ ಕಿಟಕಿಗೆ ಹೋಗಿ ಕೈ ಚಾಚಿದ. ನಂಜುಂಡಯ್ಯ ಒಳಗಿಂದಲೇ, ಇವನದ್ದು ಮೈಕೈ ನೋವು ಮೇಡಂ, ಇದ್ದದ್ದೇ, ಎಂದ.

"ಒಳಗೆ ಬನ್ನಿ ಹುಚ್ಚಣ್ಣನವರೇ," ಎಂದರು ಡಾಕ್ಟರಮ್ಮ.

ಬನ್ನಿ ಎಂದರು. ಅವರೇ ಎಂದರು. ಹುಚ್ಚಣ್ಣ ಒಳಗೆ ಹೋದ. ಕುರ್ಚಿಯಲ್ಲಿ ಕೂರಲಿಲ್ಲ, ಅದರ ಪಕ್ಕದಲ್ಲಿ ನಿಂತ. ಡಾಕ್ಟರಮ್ಮ ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಊದಿದ ಜಾಗವನ್ನು ಬೆರಳಿನಿಂದ ಸವರಿದರು.

ಮೂರು ವರ್ಷ ನಂಜುಂಡಯ್ಯನಿಗೆ ಈ ಕಾಯಿಲೆ ಯಾಕೆ ಸಿಗಲಿಲ್ಲ ಎನ್ನುವುದು ಆಗ ಹುಚ್ಚಣ್ಣನಿಗೆ ಹೊಳೆಯಿತು. ಇದು ಮುಟ್ಟಿದರೆ ಮಾತ್ರ ಸಿಗುವ ಕಾಯಿಲೆ. ಕೈ ಹಿಡಿದು, ಬೆರಳು ಮಡಿಸಿ, ಬಗ್ಗಿಸಿ ನೋಡಬೇಕು. ಮುಟ್ಟದವರ ಪುಸ್ತಕದಲ್ಲಿ ಅದು ಬರುವುದು ಹೇಗೆ?

"ಹೇಗಾಯ್ತು ಇದು?"

ಕತ್ತರಿ ಹಿಡಿದು ಎನ್ನಬೇಕು. ಬಾಯಿ ತೆರೆದ. ಮೂಲೆಯ ಮೇಜಿನಲ್ಲಿ ನವೀನ್‌ಕುಮಾರ್ ಲೈನಿನವರ ಹೆಸರು ಕೂಗಲು ಕೂತಿದ್ದ. ನೀಲಿ ಪಟ್ಟಿಯ ಕೈಯನ್ನು ಮಗುವನ್ನು ಮಲಗಿಸಿದ ಹಾಗೆ ಮೇಜಿನ ಮೇಲೆ ಮಲಗಿಸಿದ್ದ. ಕತ್ತರಿ ಎಂದರೆ ಅದು ಲೈನಿನ ಎಲ್ಲರ ಕತ್ತರಿ. ಕತ್ತರಿ ಎಂದು ಮೂರು ವರ್ಷ ಹೇಳಿ ಸಿಕ್ಕಿದ್ದು ಮೈಕೈ ನೋವು. ಪೆನ್ನು ಹಿಡಿದವನಿಗೇ ಅಷ್ಟು ಸಿಕ್ಕರೆ ತನ್ನದು ಎಷ್ಟು ದೊಡ್ಡದಿರಬೇಕು?

"ಆನೆ," ಎಂದ ಹುಚ್ಚಣ್ಣ.

ಆನೆ ಬಾಯಿಂದ ಹೊರಗೆ ಬಂದ ಮೇಲೆ ಅದನ್ನು ತಡೆಯುವವರು ಯಾರು? ಸೊಂಡಿಲು ಬಂತು, ಹಿಂಡಿದ್ದು ಬಂತು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಡಾಕ್ಟರಮ್ಮ ಅರ್ಧ ಕೇಳಿದರು. ಸಂಜೆ ಹೊತ್ತಾ, ಕೆಲಸ ಬಿಟ್ಟ ಮೇಲಾ, ಎಂದರು. ಹುಚ್ಚಣ್ಣ ಅದಕ್ಕೂ ಹೂಂ ಎಂದ. ಆನೆ ತಿರುಚಿದ್ದು ಎಂದ ಮೇಲೆ ಅವರು ಹೆಬ್ಬೆರಳು ಮಡಿಸಿ ನೋಡಲಿಲ್ಲ. ಉಳುಕು ಎಂದರು. ಶೃತಿ ಪುಟ ತಿರುವಿದಳು.

"ಇಲಿ ಕಚ್ಚಿದ್ರೆ ನಂಬರ್ ಇದೆ ಮೇಡಂ. ನಾಯಿಗೆ ಇದೆ. ಮೊಸಳೆಗೂ ಇದೆ. ಆನೆಗೆ ಬೇರೆ ಇಲ್ಲ. ಉಳಿದ ಪ್ರಾಣಿಗಳ ಜೊತೆ ಸೇರಿಸ್ಬೇಕು. ಡಬ್ಲ್ಯೂ ಐವತ್ತೈದು."

ಮೊಸಳೆಗೆ ಇದ್ದು ಆನೆಗೆ ಇಲ್ಲವಲ್ಲ ಎಂದು ಹುಚ್ಚಣ್ಣನಿಗೆ ಒಂದು ಗಳಿಗೆ ಅವಮಾನವಾಯಿತು. ಆದರೂ ನಂಬರ್ ನಂಬರೇ. ನೀಲಿ ಪಟ್ಟಿ ಸಿಗಲಿಲ್ಲ. ಮಣ್ಣು ಬಣ್ಣದ ಬಟ್ಟೆ ಸುತ್ತಿದರು. ಅವನು ಚೀಟಿಯನ್ನು ತಲೆಯ ಮೇಲೆ ಹಿಡಿದುಕೊಂಡು ಲೈನಿಗೆ ಹೋದ. ಡಬ್ಲ್ಯೂ ಐವತ್ತೈದು. ರೈಟರ್‌ಗಿಂತ ದೊಡ್ಡ ಅಕ್ಷರ, ಬಾಯಿ ತುಂಬ ಬರುತ್ತದೆ. ಮೂರು ದಿನ ಅವನು ನೆಲದ ಮೇಲೆ ನಡೆಯಲಿಲ್ಲ.

ನಾಲ್ಕನೇ ದಿನ ಹದಿನೇಳನೇ ಗಿಡದಲ್ಲಿ ಕತ್ತರಿ ಕೈಯಿಂದ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಹತ್ತೊಂಬತ್ತನೇ ಗಿಡದ ಬುಡದಲ್ಲಿ ಕೂತುಬಿಟ್ಟ. ಬೆರಳುಗಳು ಕತ್ತರಿಯ ಆಕಾರದಲ್ಲೇ ನಿಂತಿದ್ದವು. ಅವನ್ನು ನೇರ ಮಾಡಲು ಆಗಲಿಲ್ಲ.

ಹಗುರ ಕೆಲಸ ಕೇಳಲು ಆಫೀಸಿಗೆ ಹೋದ. ಕಣದಲ್ಲಿ ಒಣಹಾಕಿದ ಕಾಫಿ ಕಾಯುವ ಕೆಲಸ ಇತ್ತು. ಮ್ಯಾನೇಜರ್ ಚೀಟಿ ನೋಡಿದರು. ನಕ್ಕರು. ನೀನು ಕಾಡಿಗೆ ಹೋಗಿ ಆನೆ ಜೊತೆ ಕುಸ್ತಿ ಮಾಡಿದರೆ ತೋಟ ಏನು ಮಾಡಬೇಕು, ಕೆಲಸದಿಂದ ಬಂದದ್ದಾದರೆ ಮಾತ್ರ ಹಗುರ ಕೆಲಸ, ಎಂದರು. ಕೈ ಆಗದಿದ್ದರೆ ತಿಂಗಳ ಕೊನೆಗೆ ಲೈನ್ ಮನೆ ಖಾಲಿ ಮಾಡಬೇಕು. ಕತ್ತರಿ ಹಿಡಿಯುವವರು ಬರುತ್ತಾರೆ.

ಮರುದಿನ ನವೀನ್‌ಕುಮಾರನೇ ಲೈನಿನ ತನಕ ಇಳಿದು ಬಂದ. ಹಾಗೆ ಅವನು ಬಂದದ್ದು ಅದೇ ಮೊದಲು. ಕೈಯಲ್ಲಿ ಕಂಪ್ಯೂಟರಿನಲ್ಲಿ ಒತ್ತಿದ ಒಂದು ಕಾಗದ. ಓದಿ ಹೇಳಿದ. ಹುಚ್ಚಣ್ಣ ಬಿನ್ ಲಕ್ಕಯ್ಯ ಆದ ನಾನು ಕೆಲಸದ ವೇಳೆ ಮುಗಿದ ಮೇಲೆ ಸ್ವಂತ ಇಚ್ಛೆಯಿಂದ ಕಾಡಿಗೆ ಹೋಗಿ, ಆನೆಯನ್ನು ಕೆಣಕಿ, ಕೈಗೆ ಪೆಟ್ಟು ಮಾಡಿಕೊಂಡಿರುತ್ತೇನೆ. ಇದಕ್ಕೂ ಎಸ್ಟೇಟಿನ ಕೆಲಸಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಈ ಕಾಗದಕ್ಕೆ ಮಂಗಳವಾರ ಡಾಕ್ಟರ ಮುಂದೆ ಹೆಬ್ಬೆಟ್ಟು ಒತ್ತಿದರೆ ಹದಿನೈದು ದಿನ ರಜೆ, ಮಳೆ ಹಿಡಿಯುವ ತನಕ ಮನೆ.

"ನಿನ್ನ ಆನೇನ ಮ್ಯಾನೇಜರ್ ಸಾಹೇಬ್ರೇ ಒಪ್ಕೊಂಡವ್ರೆ ಮಾರಾಯ. ಒತ್ಬುಡು," ಎಂದ. ಆಮೇಲೆ ದನಿ ತಗ್ಗಿಸಿದ. "ನಿನಗೊಬ್ಬನಿಗೆ ಕೆಲಸದ ನಂಬರ್ ಕೊಟ್ರೆ ಲೈನಿನ ಅಷ್ಟೂ ಕೈ ಕಿಟಕಿಗೆ ಬರ್ತವೆ. ಅದು ಅವರಿಗೆ ಬೇಡ."

ಹುಚ್ಚಣ್ಣನಿಗೆ ಆಸೆಯಾಯಿತು. ಸುಳ್ಳು ಹೇಳುವುದೇಕೆ, ನಿಜವಾಗಿ ಆಸೆಯಾಯಿತು. ಹುಟ್ಟಿದಾಗಿನಿಂದ ಅವನು ಹೇಳಿದ್ದನ್ನು ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ಈಗ ಆನೆಯನ್ನು ಬರೆದಿದ್ದಾರೆ. ಒಂದು ಹೆಬ್ಬೆಟ್ಟು ಒತ್ತಿದರೆ ಅದು ನಿಜವಾಗುತ್ತದೆ. ಕಂಪ್ಯೂಟರಿನೊಳಗೆ ಆನೆ ಇರುತ್ತದೆ, ಅದರ ಸೊಂಡಿಲಿಗೆ ಜೋತುಬಿದ್ದ ಹುಚ್ಚಣ್ಣ ಇರುತ್ತಾನೆ.

ಮಂಗಳವಾರ ಬೆಳಿಗ್ಗೆ ಭೂತಮ್ಮ ಬಾಗಿಲು ಮುಚ್ಚಿದಳು. ದಿನವೂ ಮುಚ್ಚುತ್ತಿದ್ದಳು. ಬಾಗಿಲ ಹಿಂದೆ ನಡೆಯುವುದನ್ನು ಲೈನಿನಲ್ಲಿ ಯಾರೂ ಕಂಡಿರಲಿಲ್ಲ. ಹುಚ್ಚಣ್ಣ ತೋಳೆತ್ತಿ ನಿಂತ. ಅವಳು ಅವನ ಪಟಾಪಟಿ ಚಡ್ಡಿಯ ಲಾಡಿ ಕಟ್ಟಿದಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಇತ್ತೀಚೆಗೆ ಅವಳು ಹಲ್ಲಿನಲ್ಲೇ ಎಳೆಯುತ್ತಿದ್ದಳು. ಯಾಕೆ ಎಂದು ಅವನು ಕೇಳಿರಲಿಲ್ಲ.

"ಆನೆ ಬಂದಿದ್ದು ಬೆಳಿಗ್ಗೆ ಅಂತೀಯ," ಎಂದಳು. "ಬೆಳಿಗ್ಗೆ ಹೊತ್ತು ನೀನು ಇಲ್ಲಿ ಹಿಂಗೆ ನಿಂತಿರ್ತೀಯ. ಯಾವ ಆನೆ ಮಾರಾಯ?"

"ಬಾಯ್ಮುಚ್ಚು."

"ಮುಚ್ತೀನಿ. ಆದ್ರೆ ತಿಳ್ಕೊ. ಮಳೆ ಹಿಡ್ದ ಮೇಲೆ ಆನೆ ಮನೆ ಖಾಲಿ ಮಾಡಲ್ಲ. ನಾವು ಮಾಡ್ಬೇಕು."

ದವಾಖಾನೆಯ ಮುಂದೆ ಇನ್ನೂರು ಜನ ಸೇರಿದ್ದರು ಎಂದು ಹುಚ್ಚಣ್ಣ ಹೇಳುತ್ತಾನೆ. ಹನ್ನೊಂದು ಜನ. ಕಿಟಕಿಯಲ್ಲಿ ಭೂತಮ್ಮ. ಒಳಗೆ ಡಾಕ್ಟರಮ್ಮ, ಪುಸ್ತಕ ಹಿಡಿದ ಶೃತಿ, ಕಾಗದ ಹಿಡಿದ ನವೀನ್‌ಕುಮಾರ್. ನಂಜುಂಡಯ್ಯ ಇಂಕಿನ ಪ್ಯಾಡನ್ನು ಮೇಜಿನ ಮೇಲಿಟ್ಟು ಪೆನ್ನಿನ ತುದಿಯಿಂದ ಹುಚ್ಚಣ್ಣನ ಕಡೆ ತಳ್ಳಿದ. ಕಾಗದದಲ್ಲಿ ಸಾಕ್ಷಿಯಾಗಿ ಡಾಕ್ಟರಮ್ಮ ಸಹಿ ಮಾಡಬೇಕಾಗಿತ್ತು. ಅವರು ಅದನ್ನು ಓದಿದರು. ಒಂದು ಸಲ ನಿಮ್ಮ ಬಾಯಲ್ಲೇ ಹೇಳಿಬಿಡಿ, ಬರೆದದ್ದು ಸರಿಯಿದೆಯಾ ನೋಡೋಣ, ಎಂದರು.

ಹುಚ್ಚಣ್ಣ ಗಂಟಲು ಸರಿಮಾಡಿಕೊಂಡ. ಸೊಂಡಿಲು ಹಿಡಿದ. ಹಿಂಡಿದ. ನೀರು ಸುರಿಸಿದ. ಆ ನೀರಲ್ಲಿ ಮುಖ ತೊಳೆದುಕೊಂಡು ಕೆಲಸಕ್ಕೆ ಹೊರಟ.

"ಕೆಲಸಕ್ಕೆ ಹೊರಟ್ರಾ?" ಡಾಕ್ಟರಮ್ಮ ಕಾಗದ ನೋಡಿದರು. "ಹಾಗಾದ್ರೆ ಬೆಳಿಗ್ಗೆ. ಇಲ್ಲಿ ಸಂಜೆ ಅಂತ ಇದೆಯಲ್ಲ."

ಸಂಜೆ ಅನ್ನು, ಸಂಜೆ ಅನ್ನು, ಎಂದು ನವೀನ್‌ಕುಮಾರ್ ತುಟಿಯಲ್ಲೇ ಹೇಳಿದ. ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಹುಚ್ಚಣ್ಣ ಕಿಟಕಿಯ ಕಡೆ ತಿರುಗಿದ. ಭೂತಮ್ಮ ನಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳು ಹಾಕಿದ ಗಂಟು ಅವನ ಸೊಂಟದಲ್ಲಿ ಬಿಗಿಯಾಗಿ ಇತ್ತು.

"ಲೇ, ಬೆಳಿಗ್ಗೆಯೋ ಸಂಜೆಯೋ, ಒತ್ತೋ," ಎಂದ ನಂಜುಂಡಯ್ಯ. "ಜನ ಕಾಯ್ತಾವ್ರೆ."

ಹುಚ್ಚಣ್ಣ ಪ್ಯಾಡಿನ ಮೇಲೆ ಕೈ ತಂದ. ನೀಲಿ ಇಂಕು. ಆ ಪಟ್ಟಿಯಷ್ಟೇ ನೀಲಿ.

ಅವನು ಹೆಬ್ಬೆರಳನ್ನು ಒಳಕ್ಕೆ ಎಳೆದುಕೊಂಡ. ಅದರ ಮೇಲೆ ನಾಲ್ಕು ಬೆರಳು ಮಡಿಸಿದ. ಮುಷ್ಟಿ ಕಟ್ಟಿದ. ಕಿತ್ತುಕೊಳ್ಳಲು ಬಂದರೆ ಸಿಗಬಾರದು ಎನ್ನುವಂತೆ ಮುಷ್ಟಿಯನ್ನು ಕೆಳಕ್ಕೆ, ಕಿರುಬೆರಳಿನ ಕಡೆಗೆ ಬಗ್ಗಿಸಿ ತೊಡೆಗೆ ಒತ್ತಿಕೊಂಡ. ಮಣಿಕಟ್ಟಿನಲ್ಲಿ ಯಾರೋ ಕೊಡಲಿ ಇಟ್ಟ ಹಾಗಾಯಿತು. ಅವನು ಕುರ್ಚಿಯ ಮೇಲೆ ಕೂತ. ಬೇಕೆಂದು ಕೂತದ್ದಲ್ಲ, ಬಿದ್ದದ್ದು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

"ಒತ್ತಲ್ಲ," ಎಂದ.

ಡಾಕ್ಟರಮ್ಮ ಎದ್ದು ಬಂದರು. ಆ ಮುಷ್ಟಿಯನ್ನು ನೋಡಿದರು. ಅದನ್ನು ಹೇಗೆ ಕಟ್ಟಿದ್ದಾನೆ ಎಂದು ನೋಡಿದರು. ಅವರ ಮುಖ ಕೆಂಪಾಯಿತು. ಬೆರಳುಗಳನ್ನು ತಾವೇ ಒಂದೊಂದಾಗಿ ಬಿಡಿಸಿದರು. ಹೆಬ್ಬೆರಳ ಬುಡ ಒತ್ತಿದರು. ಎಡಗೈ ಕೇಳಿದರು, ಅದನ್ನೂ ಒತ್ತಿದರು.

"ಇದು ಒಂದು ದಿನದ್ದಲ್ಲ. ಆನೆ ಮಾಡಿದ್ದಲ್ಲ ಇದು," ಎಂದರು.

"ಅಲ್ಲ ಅವ್ವಾರೆ." ಹುಚ್ಚಣ್ಣ ತಲೆ ತಗ್ಗಿಸಿದ. "ಆನೇನ ನಾನು ಹತ್ರದಿಂದ ನೋಡೇ ಇಲ್ಲ. ಲದ್ದಿ ನೋಡಿವ್ನಿ. ಅದೂ ಆರಿದ್ದು."

ಹೊರಗೆ ಯಾರೂ ನಗಲಿಲ್ಲ.

"ಮತ್ತೆ ಯಾಕೆ ಹೇಳಿದ್ರಿ?"

ಅವನು ನವೀನ್‌ಕುಮಾರನ ಕೈ ತೋರಿಸಿದ. "ಅದನ್ನ ನೋಡಿ ಹೊಟ್ಟೆ ಉರೀತು. ಅವ್ರಿಗೂ ಇದೇ ನೋವು. ಅವ್ರಿಗೆ ಹೆಸ್ರು ಕೊಟ್ರಿ, ನಂಬರ್ ಕೊಟ್ರಿ, ಪಟ್ಟಿ ಕೊಟ್ರಿ. ಈ ಬುದ್ಧಿಯೋರು ಮೂರು ವರ್ಷ ನನ್ನ ಕೈ ಮುಟ್ನಿಲ್ಲ. ಮುಟ್ಟಿದ್ರೆ ಸಿಗ್ತಿತ್ತು. ಕತ್ತರಿ ಹಿಡ್ದು ಹೋದ ಕೈ ಅವ್ವಾ ಇದು. ಇಪ್ಪತ್ತಾರು ವರ್ಷ. ಕಾಡಲ್ಲಲ್ಲ, ಈ ತೋಟದಲ್ಲಿ. ಸಂಜೆಯಲ್ಲ, ಕೆಲಸದ ಹೊತ್ನಲ್ಲಿ. ಬರ್ಕಳಿ."

"ನಾಲಿಗೆ ಬಿಗಿ ಹಿಡಿ ಲೇ," ಎಂದ ನಂಜುಂಡಯ್ಯ. ಡಾಕ್ಟರಮ್ಮ ಅವನನ್ನು ಹೊರಗೆ ಹೋಗಲು ಹೇಳಿದರು. ಅವನು ಹೋಗಲಿಲ್ಲ; ಬಾಗಿಲ ಹತ್ತಿರ ನಿಂತ.

ಶೃತಿ ಆನೆಯ ಮೇಲೆ ಅಡ್ಡಗೀಟು ಎಳೆದಳು. ಪಕ್ಕದಲ್ಲಿ ಬರೆದಳು. ಎಂ ಅರವತ್ತೈದು ಪಾಯಿಂಟ್ ನಾಲ್ಕು. ಅಲ್ಲಿಗೆ ಪೆನ್ನು ನಿಂತಿತು. ಯಾಕೆ ಬಂತು ಎನ್ನುವ ಜಾಗ ಖಾಲಿ ಇತ್ತು. ಅಲ್ಲಿ ಬೀಳುವ ನಂಬರಿಗೆ ಏನು ಬೆಲೆ ಎಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಡಾಕ್ಟರಮ್ಮನ ಮುಖ ನೋಡಿದಳು. ಡಾಕ್ಟರಮ್ಮ ನವೀನ್‌ಕುಮಾರನ ಮುಖ ನೋಡಿದರು. ಹಾಜರಿ ಪುಸ್ತಕ ಅವನ ಬಳಿ ಇತ್ತು. ಅವನು ತನ್ನ ಪಟ್ಟಿ ನೋಡಿಕೊಂಡು ಆ ಪುಸ್ತಕ ತೆರೆದ.

"ದಿನಕ್ಕೆ ಅರವತ್ತು ಗಿಡ ಮೇಡಂ," ಎಂದ. "ಅವನು ಕತ್ತರಿಸಿದ್ದನ್ನೇ ನಾನು ಬರ್ದಿರೋದು."

ವೈ ತೊಂಬತ್ತಾರು.

ಹುಚ್ಚಣ್ಣ ಅಕ್ಷರ ಬಲ್ಲವನಲ್ಲ. ಆದರೂ ಬಗ್ಗಿ ನೋಡಿದ. ಆ ನಂಬರ್ ಇಡೀ ಪುಟದಷ್ಟು ದೊಡ್ಡದಾಗಿ ಇತ್ತು. ಅಲ್ಲ, ಜೋಳದ ಕಾಳಿನಷ್ಟು ಇತ್ತು. ಸಾಕಾಗಿತ್ತು.

ಇನ್ನೊಂದು ಸಾಲು ತುಂಬುವುದಿತ್ತು. "ಈ ಕೈಯಿಂದ ಏನು ಮಾಡಕ್ಕಾಗಲ್ಲ, ಹೇಳಿ," ಎಂದಳು ಶೃತಿ.

ಹುಚ್ಚಣ್ಣನ ಬಾಯಿ ತಾನಾಗಿಯೇ ತೆರೆಯಿತು. "ಮೊದ್ಲು ನಾನು ಈ ಕೈಲಿ ದೋಣಿಗಲ್ ಹತ್ರ ಒಂದು ರೈಲನ್ನೇ..."

ಕಿಟಕಿಯಲ್ಲಿ ಭೂತಮ್ಮ ಕೆಮ್ಮಿದಳು. ಅವನು ನಿಲ್ಲಿಸಿದ. ಅವಳನ್ನು ನೋಡಿದ. ಕಿಟಕಿಯ ಸರಳು ಹಿಡಿದ ಅವಳ ಕೈ ನೋಡಿದ. ಅವಳು ನಾಲ್ಕು ಬೆರಳಿನಿಂದ ಹಿಡಿದಿದ್ದಳು. ಹೆಬ್ಬೆರಳು ಹೊರಗೆ ನಿಂತಿತ್ತು.

"ಬರ್ಕೊ ಅವ್ವ," ಎಂದ ಹುಚ್ಚಣ್ಣ. ದನಿ ಸಣ್ಣದಾಗಿತ್ತು. ಅವನ ದನಿ ಅಷ್ಟು ಸಣ್ಣದಾದದ್ದನ್ನು ಲೈನಿನವರು ಅದುವರೆಗೆ ಕೇಳಿರಲಿಲ್ಲ. "ಮೂರು ವರ್ಷದಿಂದ ಚಡ್ಡಿ ಲಾಡಿ ಕಟ್ಕಳಾಕೆ ಬರಲ್ಲ. ದಿನಾ ನನ್ನ ಹೆಂಡ್ತಿ ಕಟ್ತಾಳೆ. ಬಾಗ್ಲು ಮುಚ್ಚಿ."

ಶೃತಿ ಬರೆದಳು.

"ಈಗ ಅವ್ಳ ಹೆಬ್ಬೆರಳೂ ಊದೈತೆ. ಹಣ್ಣು ಬಿಡ್ಸಿ ಬಿಡ್ಸಿ. ನಂಗೆ ಗೊತ್ತಿತ್ತು. ಹಲ್ಲಲ್ಲಿ ಕಚ್ಚಿ ಎಳೆಯೋದು ಕಂಡಿದ್ದೆ." ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. "ಯಾರ್ಗೂ ಹೇಳ್ನಿಲ್ಲ. ಹೇಳಿದ್ರೆ ನನ್ನ ನೋವಿಗಿಂತ ಅವ್ಳ ನೋವು ದೊಡ್ದಾಗೋಗ್ತಿತ್ತು. ಅದಕ್ಕೂ ನಂಗೆ ಹೊಟ್ಟೆಕಿಚ್ಚು ಬಂದ್ಬುಟ್ಟಿತ್ತು ಅವ್ವ. ಆನೆ ಸುಳ್ಳು. ಇದು ನಿಜ."